ಮಾಳಿಗೆಗೆ ಎರಡು ಕೊಡ ನೀರು

ಕೇಳುಗರೇ, ನಮಸ್ಕಾರ.

ಏಪ್ರಿಲ್ ಬಂತು ಅಂದರೆ ನಮ್ಮ ಕಲಬುರಗಿಯಲ್ಲಿ ದಿನದ ವೇಳೆಯೇ ಬದಲಾಗುತ್ತದೆ. ಸರ್ಕಾರಿ ಕಚೇರಿಗಳು ಬೆಳಿಗ್ಗೆ 8 ಗಂಟೆಗೇ ಶುರುವಾಗಿ ಮಧ್ಯಾಹ್ನ 1:30ಕ್ಕೆ ಮುಗಿಯುತ್ತವೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ಎರಡೂ ತಿಂಗಳು ಹೀಗೆಯೇ. ಬಿಸಿಲು 40 ಡಿಗ್ರಿ ದಾಟುವ ಊರುಗಳಿವು. ಕಚೇರಿಯೇ ವೇಳೆ ಬದಲಿಸಿಕೊಂಡ ಮೇಲೆ, ನಮ್ಮ ಊಟ, ನಿದ್ದೆ ಮಾತ್ರ ಚಳಿಗಾಲದ ವೇಳೆಯಲ್ಲೇ ಉಳಿದರೆ ಹೇಗೆ?

ಮೊದಲು ನಮ್ಮ ಮನೆಯ ಒಂದು ಮಾತು ಹೇಳುತ್ತೇನೆ. ಎರಡು ವರ್ಷದ ಹಿಂದೆ, ಮೇ ತಿಂಗಳು. ನಮ್ಮ ಮಾವ ಊಟ ಮುಗಿಸಿ ಎದ್ದವರು, ಹಾಗೇ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ತಲೆ ತಿರುಗುತ್ತಿತ್ತು. ಮಲಗಿಸಿ, ಕಾಲ ಕೆಳಗೆ ದಿಂಬು ಇಟ್ಟು, ನಿಂಬೆಹಣ್ಣು, ಸಕ್ಕರೆ, ಚಿಟಿಕೆ ಉಪ್ಪು ಹಾಕಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿದ್ದೀರಿ ಅಂತ ಕೇಳಿದರೆ, "ನೀರಡಿಕಿನೇ ಆಗಿಲ್ಲ ತಂಗಿ, ಸುಮ್ನ ಯಾಕ ಕುಡೀಲಿ?" ಅಂದರು. ಅವರು ಹೇಳಿದ್ದು ನಿಜವೇ. ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ. ಒಳಗೆ ನೀರು ಕಡಿಮೆಯಾಗಿದ್ದರೂ ಬಾಯಿ ಕೇಳುವುದಿಲ್ಲ. ಅಂದಿನಿಂದ ಅವರ ಪಕ್ಕದಲ್ಲಿ ಒಂದು ತಂಬಿಗೆ ನೀರು ಇಡುತ್ತೇವೆ. 11 ಗಂಟೆಯೊಳಗೆ ಅದು ಖಾಲಿಯಾಗಬೇಕು, ಮತ್ತೆ ತುಂಬಬೇಕು. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ, "ನೀರು ಬೇಕಾ" ಅಂತ ಕೇಳಬೇಡಿ. ಕೈಗೇ ಕೊಡಿ.

ಬೆವರಿನ ಜೊತೆ ನೀರಷ್ಟೇ ಅಲ್ಲ, ಉಪ್ಪೂ ಹೋಗುತ್ತದೆ. ಅದಕ್ಕೇ ನಮ್ಮ ಕಡೆ ಮಜ್ಜಿಗೆಗೆ ಇಷ್ಟು ಬೆಲೆ. ಉಪ್ಪು, ಜೀರಿಗೆ, ಕೊತ್ತಂಬರಿ ಹಾಕಿದ ತೆಳು ಮಜ್ಜಿಗೆ ಹೊಲದಲ್ಲಿ ದುಡಿಯುವವರಿಗೆ ತುಂಬ ಒಳ್ಳೆಯದು. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಉಪ್ಪು ಎಷ್ಟು, ನೀರು ಎಷ್ಟು ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಪಾನಕ ಒಳ್ಳೆಯದೇ, ಆದರೆ ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ. ಆರು ತಿಂಗಳು ತುಂಬದ ಕೂಸಿಗೆ ಎಷ್ಟೇ ಸೆಕೆಯಿದ್ದರೂ ನೀರು ಬೇಡ, ಎದೆಹಾಲೇ ಸಾಕು. ತಾಯಿ ಜಾಸ್ತಿ ನೀರು ಕುಡಿಯಬೇಕು, ಕೂಸಿಗೆ ಮತ್ತೆ ಮತ್ತೆ ಹಾಲೂಡಿಸಬೇಕು.

ಇನ್ನು ಊಟ. ನಮ್ಮ ಅತ್ತೆ ಜೋಳದ ನುಚ್ಚು ಮಾಡುವುದನ್ನು ನೀವು ನೋಡಬೇಕು. ಒಡೆದ ಜೋಳವನ್ನು ಬೆಳಿಗ್ಗೆ 7 ಗಂಟೆಯೊಳಗೆ ಮೆತ್ತಗೆ ಬೇಯಿಸಿ ಇಳಿಸುತ್ತಾರೆ. ಬಿಸಿಲೇರುವ ಮೊದಲೇ ಒಲೆ ಆರಿರುತ್ತದೆ, ಅಡುಗೆಮನೆಯೂ ಕಾಯುವುದಿಲ್ಲ. ಅದು ಆರಿದ ಮೇಲೆ ಮಜ್ಜಿಗೆ ಸುರಿದು, ಕೈಯಲ್ಲೇ ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ, ಪಕ್ಕದಲ್ಲಿ ಶೇಂಗಾ ಹಿಂಡಿ. ಹೊಟ್ಟೆ ತುಂಬುತ್ತದೆ, ಆದರೆ ಭಾರ ಅನಿಸುವುದಿಲ್ಲ. ಎಣ್ಣೆಯಲ್ಲಿ ಕರಿದದ್ದು, ಮಸಾಲೆ ಜಾಸ್ತಿ ಹಾಕಿದ್ದು ಈ ದಿನಗಳಲ್ಲಿ ಅಪರೂಪಕ್ಕೆ ಇರಲಿ. ಹೊಟ್ಟೆ ಬಿರಿಯೆ ಉಂಡರೆ ಅದನ್ನು ಅರಗಿಸುವುದಕ್ಕೂ ಮೈ ಕಾಯುತ್ತದೆ. ಸವತಿಕಾಯಿ, ಕಲ್ಲಂಗಡಿ ಧಾರಾಳವಾಗಿ ತಿನ್ನಿ. ಆದರೆ ರಸ್ತೆ ಬದಿಯಲ್ಲಿ ಕತ್ತರಿಸಿಟ್ಟ ಹಣ್ಣು ಬೇಡ, ಇಡೀ ಹಣ್ಣು ತಂದು ಮನೆಯಲ್ಲೇ ಕೊಯ್ಯಿರಿ. ಬೆಳಿಗ್ಗೆಯ ಪಲ್ಯ, ಸಾರು ಈ ಕಾವಿನಲ್ಲಿ ರಾತ್ರಿಯವರೆಗೆ ತಡೆಯುವುದಿಲ್ಲ. ಸ್ವಲ್ಪ ಸ್ವಲ್ಪವೇ ಮಾಡಿ.

ರಾತ್ರಿ ಊಟ ಎಂಟರೊಳಗೆ ಮುಗಿಯಲಿ. ಯಾಕೆ ಗೊತ್ತಾ? ನಿದ್ದೆ ಹತ್ತಬೇಕಾದರೆ ಮೈಯ ಒಳಗಿನ ಕಾವು ಸ್ವಲ್ಪ ಇಳಿಯಬೇಕು. ಅದು ಹೊರಗೆ ಹೋಗುವುದು ಮುಖ್ಯವಾಗಿ ಅಂಗೈ, ಅಂಗಾಲು, ಮುಖದ ಚರ್ಮದ ಮೂಲಕ. ಹತ್ತೂವರೆಗೆ ಗಡದ್ದಾಗಿ ಉಂಡು ಮಲಗಿದರೆ ಆ ಕಾವು ಇಳಿಯುವುದು ತಡವಾಗುತ್ತದೆ. ಆಮೇಲೆ ಹೊರಳಾಡಿದ್ದೇ ಬಂತು. ಮಲಗುವ ಮೊದಲು ಉಗುರು ಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ. ನೀರು ಕಡಿಮೆಯಿದ್ದರೆ ಕೈಕಾಲು ತೊಳೆದು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರೂ ಆದೀತು. ಚಹಾ ಸಂಜೆ ನಾಲ್ಕಕ್ಕೆ ಕೊನೆ. ಮದ್ಯದಿಂದ ನಿದ್ದೆ ಬರುತ್ತದೆ ಅನ್ನುವವರಿದ್ದಾರೆ. ಬರುತ್ತದೆ, ಆದರೆ ನಡುರಾತ್ರಿ ಒಡೆಯುತ್ತದೆ, ಮೈಯ ನೀರನ್ನೂ ಕಳೆಯುತ್ತದೆ.

ಆರ್‌ಸಿಸಿ ಮನೆಯ ಕಷ್ಟ ನಿಮಗೆ ಗೊತ್ತೇ ಇದೆ. ಮಾಳಿಗೆ ಹಗಲೆಲ್ಲ ಬಿಸಿಲು ಕುಡಿದು, ರಾತ್ರಿ ಅದನ್ನು ನಮ್ಮ ಮೇಲೆ ಬಿಡುತ್ತದೆ. ನಾವು ಬಟ್ಟೆ ಜಾಲಿಸಿದ ನೀರು ಎರಡು ಕೊಡ ಉಳಿಸಿಟ್ಟು, ಹೊತ್ತು ಮುಳುಗಿದ ಮೇಲೆ ಮಾಳಿಗೆಗೆ ಚೆಲ್ಲುತ್ತೇವೆ. ಚೆಲ್ಲಿದ ಕೂಡಲೇ ಚುಂಯ್ ಅನ್ನುತ್ತದೆ, ಬಿಸಿ ಆವಿ ಮುಖಕ್ಕೆ ಬಡಿಯುತ್ತದೆ. ಆ ನೀರು ಆರುವಾಗ ಮಾಳಿಗೆಯ ಕಾವನ್ನೂ ಒಯ್ಯುತ್ತದೆ. ಹಗಲು ಕಿಟಕಿ ಮುಚ್ಚಿ ಪರದೆ ಎಳೆದಿಡಿ, ಹೊರಗೆ ತಂಪಾದ ಮೇಲೆ ಎಲ್ಲ ತೆರೆಯಿರಿ. ಹಗಲು ಹೊರಗಿನ ಗಾಳಿಯೇ ಮೈಗಿಂತ ಬಿಸಿ ಇರುವಾಗ ಫ್ಯಾನ್ ಒಂದನ್ನೇ ನಂಬಬೇಡಿ, ಮೈಗೆ ಆಗಾಗ ನೀರು ಸವರಿಕೊಳ್ಳಿ. ಮಧ್ಯಾಹ್ನ ಅರ್ಧ ಗಂಟೆ ಅಡ್ಡಾಗುವುದು ಒಳ್ಳೆಯದು. ಮೂರು ತಾಸು ಮಲಗಿದರೆ ರಾತ್ರಿಯ ನಿದ್ದೆ ಹೋಯಿತು ಅಂತಲೇ ತಿಳಿಯಿರಿ.

ಒಂದು ಎಚ್ಚರಿಕೆಯ ಮಾತು. ಬಿಸಿಲಲ್ಲಿದ್ದವರು ಏನೇನೋ ಬಡಬಡಿಸಿದರೆ, ಮೈ ಕೆಂಡದಂತೆ ಸುಟ್ಟರೆ, ಎಚ್ಚರ ತಪ್ಪಿದರೆ ಅದು ಬರೀ ಸುಸ್ತಲ್ಲ. ತಕ್ಷಣ 108ಕ್ಕೆ ಫೋನ್ ಮಾಡಿ. ಬರುವವರೆಗೆ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಲೇ ಇರಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಲೇಬೇಡಿ.

ನಮ್ಮ ಮಾವ ಈಗ ಮಾಳಿಗೆಯ ಮೇಲೆ ಹೊರಸು ಹಾಕಿಕೊಂಡು, ಸೊಳ್ಳೆಪರದೆ ಕಟ್ಟಿಕೊಂಡು ಮಲಗುತ್ತಾರೆ. ತಲೆದೆಸೆಗೆ ತಂಬಿಗೆ ನೀರು. ಬೆಳಗಿನ ಜಾವ ನಾಲ್ಕಕ್ಕೆ ತಂಗಾಳಿ ಬೀಸುವಾಗ ಚಾದರ ಎಳೆದುಕೊಳ್ಳುತ್ತಾರೆ.

ನಮಸ್ಕಾರ.