ಬೀಸುವ ಮೊದಲು ಲೀಡರ್ ಸವರಿ ನೋಡಿ

ಕೇಳುಗರಿಗೆ ನಮಸ್ಕಾರ. ಫ್ಲೈ ಫಿಶಿಂಗ್ ಅಂದ ಕೂಡಲೇ ಎಲ್ಲರೂ ಕೇಳುವುದು ರಾಡ್ ಎಷ್ಟು, ರೀಲ್ ಎಷ್ಟು ಅಂತ. ಲೀಡರ್ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಇವತ್ತು ಅದನ್ನೇ ಹೇಳುತ್ತೇನೆ.

ಮಾಮೂಲಿ ಗಾಳಕ್ಕೆ ಸೀಸದ ಗುಂಡು ಕಟ್ಟಿ ಎಸೆಯುತ್ತೇವೆ. ಫ್ಲೈ ಅಂದರೆ ಗರಿ, ನೂಲು ಸುತ್ತಿದ ಗಾಳ. ಅದಕ್ಕೆ ಭಾರವೇ ಇಲ್ಲ. ಭಾರ ಇರುವುದು ದಪ್ಪಗಿನ ಫ್ಲೈ ಲೈನಿನಲ್ಲಿ. ಆ ಲೈನಿಗೂ ಫ್ಲೈಗೂ ನಡುವೆ ಕಟ್ಟುವ ತಂಗೂಸೇ ಲೀಡರ್. ಲೈನಿನ ಕಡೆ ದಪ್ಪ, ಫ್ಲೈ ಕಡೆ ಸಪೂರ. ಹಾಗಿದ್ದರೆ ಮಾತ್ರ ಬೀಸಿದ ಬಲ ತುದಿಯವರೆಗೆ ಮುಟ್ಟುತ್ತದೆ.

ನಮ್ಮ ನೆರೆಮನೆಯ ಹುಡುಗ ಒಳ್ಳೆಯ ರಾಡ್ ತಂದಿದ್ದ. ಕೋಡಿಬೆಂಗ್ರೆಗೆ, ಸುವರ್ಣಾ ನದಿ ಸಮುದ್ರ ಸೇರುವಲ್ಲಿಗೆ ಕರೆದುಕೊಂಡು ಹೋದೆ. ಬೀಸುವ ಕೈ ಚೆನ್ನಾಗಿತ್ತು. ಆದರೆ ಫ್ಲೈ ಪ್ರತಿ ಸಲ ಮುದ್ದೆಯಾಗಿ ಬೀಳುತ್ತಿತ್ತು. "ಗಾಳಿ ಜಾಸ್ತಿ ಮಾಮ" ಎಂದ. ನೋಡಿದರೆ ಒಂದೇ ದಪ್ಪದ ಸಪೂರ ತಂಗೂಸು ಕಟ್ಟಿದ್ದ! ಬಿಚ್ಚಿಸಿದೆ. 40 ಪೌಂಡ್ ಎಳೆತ ತಾಳುವ ದಪ್ಪ ತಂಗೂಸು 5 ಅಡಿ, 30ರದ್ದು 2 ಅಡಿ, ತುದಿಗೆ 20ರದ್ದು 2 ಅಡಿ ಕಟ್ಟಿಕೊಟ್ಟೆ. ಗಂಟನ್ನು ಎಂಜಲಲ್ಲಿ ಒದ್ದೆ ಮಾಡಿಯೇ ಬಿಗಿಯಬೇಕು. ಒಣಗಂಟು ಎಳೆದರೆ ಉಜ್ಜಿದ ಬಿಸಿಗೇ ತಂಗೂಸು ಸೋಲುತ್ತದೆ. ಈಗ ಅದೇ ಕೈ, ಅದೇ ಗಾಳಿ, ಫ್ಲೈ ನೆಟ್ಟಗೆ ಹೋಯಿತು.

ಸ್ವಲ್ಪ ಹೊತ್ತಿಗೆ ಒಂದು ಕೆಂಬೇರಿ ಮೀನು ಕಚ್ಚಿತು. ಕೆಂಬೇರಿ ಗೊತ್ತಲ್ವಾ, ಕಚ್ಚಿದ್ದೇ ಕಲ್ಲಿನ ಸಂದಿಗೆ ನುಗ್ಗುತ್ತದೆ. ಹೇಗೋ ಎಳೆದು ತಂದ. ಬಿಡಿಸಿ ಕೂಡಲೇ ಮತ್ತೆ ಬೀಸಲು ಹೊರಟ. "ನಿಲ್ಲು ಮಾರಾಯ, ಮೊದಲು ಸವರಿ ನೋಡು" ಎಂದೆ. ತುದಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಮೆಲ್ಲ ಎಳೆದ. ಒಂದು ಕಡೆ ತರಿತರಿ. ಬಿಸಿಲಿಗೆ ಹಿಡಿದರೆ ಸಣ್ಣ ಬಿಳಿ ಗೀರು. ಕಲ್ಲಿಗೆ ಅಂಟಿದ ಚಿಪ್ಪು ತಾಗಿದ್ದು. "ಇಷ್ಟು ಸಣ್ಣದಕ್ಕೆ ಕತ್ತರಿಸಬೇಕಾ?" ಎಂದ. ಕೈಗೆ ಬಟ್ಟೆ ಸುತ್ತಿ ಜಗ್ಗಲು ಹೇಳಿದೆ. ಪಟ್ಟನೆ ತುಂಡಾಯಿತು, ಸರಿಯಾಗಿ ಆ ಗೀರಿನಲ್ಲೇ. ಮತ್ತೆ ಅವನು ಮಾತಾಡಲಿಲ್ಲ.

ಹಾಗಾಗಿ ಪ್ರತಿ ಮೀನಿನ ನಂತರ ಸವರಿ ನೋಡಿ. ಕಲ್ಲಿಗೆ ತಾಗಿದರೂ ಸವರಿ ನೋಡಿ. ತರಿ ಸಿಕ್ಕಿದರೆ ಕತ್ತರಿಸಿ, ಯೋಚನೆ ಬೇಡ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ತೇಲುವ ಲೈನಿಗೆ 9 ಅಡಿ ಲೀಡರ್. ಮುಳುಗುವ ಲೈನಿಗೆ 4-5 ಅಡಿ ಸಾಕು, ಉದ್ದವಾದರೆ ಫ್ಲೈ ಮೇಲೆಯೇ ಉಳಿಯುತ್ತದೆ. ಕಲ್ಲಿನ ಜಾಗಕ್ಕೆ ಫ್ಲೋರೋಕಾರ್ಬನ್ ತಂಗೂಸು ತಗೊಳ್ಳಿ, ಉಜ್ಜಿದರೂ ತಾಳುತ್ತದೆ. ಅದು ಮುಳುಗುವ ಜಾತಿ, ತೇಲುವ ಫ್ಲೈಗೆ ನೈಲಾನೇ ಸರಿ. ಅಂಜಲ್ ಮೀನಿನ ಹಲ್ಲಿಗೆ ಎರಡೂ ನಿಲ್ಲುವುದಿಲ್ಲ, ತುದಿಗೆ ಒಂದು ಗೇಣು ಸ್ಟೀಲ್ ತಂತಿ ಬೇಕು. ತಂಗೂಸಿನ ಪೊಟ್ಟಣದ ಮೇಲಿನ 4ಎಕ್ಸ್, 5ಎಕ್ಸ್ ಎಲ್ಲ ಟ್ರೌಟ್ ಮೀನು ಹಿಡಿಯುವವರ ದಪ್ಪದ ಲೆಕ್ಕ. ಅಂಕಿ ಹೆಚ್ಚಾದಷ್ಟೂ ಸಪೂರ. ನಮ್ಮ ಅಳಿವೆಗೆ ಪೌಂಡ್ ನೋಡಿ ತಗೊಳ್ಳಿ.

ಕತ್ತರಿಸಿದ ತುಂಡನ್ನು ದಯವಿಟ್ಟು ನೀರಿಗೆ ಎಸೆಯಬೇಡಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಜೇಬಿಗೆ ಹಾಕಿ ಮನೆಗೆ ತನ್ನಿ. ನಮಸ್ಕಾರ.