ಗಾಲ್ವೇಗೆ ಲಿಂಚ್ ಹುಡುಕಿಕೊಂಡು ಹೋದೆ, ರಾಮ್ಸೇ ಆಗಿ ವಾಪಸ್ ಬಂದೆ

ನಮಸ್ಕಾರ. ಗಾಳಿ ನೋಡಿದ್ರಲ್ವಾ? ಅಲ್ಲಿ ನಿಂತು ಮಾತಾಡಿದ್ದು ಒಂದು ಅಕ್ಷರವೂ ರೆಕಾರ್ಡ್ ಆಗಿಲ್ಲ. ಅದಕ್ಕೇ ಮನೆಗೆ ಬಂದು, ಕಾಫಿ ಪಕ್ಕದಲ್ಲಿಟ್ಟುಕೊಂಡು ಈ ವಿಡಿಯೋಗೆ ದನಿ ಕೊಡುತ್ತಿದ್ದೇನೆ. ವಿಷಯ ಇಷ್ಟೇ: ಲಿಂಚ್ ಅನ್ನೋ ಅಡ್ಡಹೆಸರು ಎಲ್ಲಿಂದ ಬಂತು ಅಂತ.

ಇದು ಗಾಲ್ವೇ, ಐರ್ಲೆಂಡಿನ ಪಶ್ಚಿಮದ ಊರು. ಬೀದಿ ಹೆಸರು ಶಾಪ್ ಸ್ಟ್ರೀಟ್. ಮೂಲೆಯಲ್ಲಿ ಬೂದು ಕಲ್ಲಿನ ಕಟ್ಟಡ ಇದೆಯಲ್ಲ, ಅದೇ ಲಿಂಚ್ ಕ್ಯಾಸಲ್. ಚಿತ್ರದುರ್ಗ ನೋಡಿದವರು ಇದನ್ನ ಕೋಟೆ ಅನ್ನಲ್ಲ. ನಾಲ್ಕು ಅಂತಸ್ತಿನ ಮನೆ, ಒಳಗೆ ಈಗ ಬ್ಯಾಂಕು. ಈ ಊರನ್ನ 14 ವ್ಯಾಪಾರಿ ಮನೆತನಗಳು ಕೈಯಲ್ಲಿಟ್ಟುಕೊಂಡಿದ್ದವು. 1485ರಲ್ಲಿ ಮೊದಲ ಮೇಯರ್ ಪಿಯರ್ಸ್ ಲಿಂಚ್. ಅಲ್ಲಿಂದ 1654ರವರೆಗೆ 84 ಸಲ ಲಿಂಚ್‌ಗಳೇ ಮೇಯರ್! ನಮ್ಮೂರ ಪಂಚಾಯ್ತಿ ಎರಡು ಸಲ ಒಂದೇ ಮನೆಗೆ ಹೋದರೆ ಹೊಟ್ಟೆ ಉರಿದುಕೊಳ್ಳುತ್ತೇವೆ.

ಈ ಗಾಲ್ವೇ ಲಿಂಚ್‌ಗಳು ಐರ್ಲೆಂಡಿಗೆ ದಂಡೆತ್ತಿ ಬಂದ ನಾರ್ಮನ್ನರ ಜೊತೆ ಬಂದವರು, ಮೊದಲು ‘ಡಿ ಲೆಂಚ್’ ಅಂತಿದ್ದರು. ಆದರೆ ಐರ್ಲೆಂಡಿನ ಎಲ್ಲ ಲಿಂಚ್‌ಗಳೂ ಇವರ ಸಂತಾನ ಅಲ್ಲ. ಸುಮಾರು ಜನರ ಹಳೇ ಹೆಸರು ಓ ಲಾಂಗ್ಶಿ. ಐರಿಶ್‌ನಲ್ಲಿ ‘ಲಾಂಗ್’ ಅಂದರೆ ಹಡಗು, ‘ಲಾಂಗ್ಶೆಕ್’ ಅಂದರೆ ಹಡಗಿನವನು. ನಮ್ಮಲ್ಲಿ ಅಂಬಿಗರ ಅಂತ ಅಡ್ಡಹೆಸರು ಇಲ್ವಾ, ಹಾಗೆ. ಇಂಗ್ಲಿಷ್‌ನಲ್ಲಿ ಬರೆದುಕೊಳ್ಳುವಾಗ ಅದೂ ಲಿಂಚ್ ಆಗಿಹೋಯಿತು. ಇಂಗ್ಲೆಂಡಿನ ಲಿಂಚ್ ಬೇರೆಯೇ. ‘ಹ್ಲಿಂಕ್’ ಅನ್ನೋ ಹಳೇ ಪದದಿಂದ ಬಂದದ್ದು, ದಿಣ್ಣೆ ಅಂತ ಅರ್ಥ. ಅಲ್ಲಿನ ಇಳಿಜಾರು ಹೊಲಗಳ ಬದುವಿಗೆ ಈಗಲೂ ಲಿಂಚೆಟ್ ಅಂತಾರೆ. ಒಬ್ಬ ದಿಣ್ಣೆಮನೆಯವನು, ಇನ್ನೊಬ್ಬ ಅಂಬಿಗ, ಮತ್ತೊಬ್ಬ ಕುದುರೆ ಮೇಲೆ ಬಂದವನು. ಸಂಬಂಧವೇ ಇಲ್ಲ, ಸ್ಪೆಲಿಂಗ್ ಮಾತ್ರ ಒಂದೇ.

ಅಂದಹಾಗೆ, ಲವ್ರಿ ಲಾಂಗ್ಶೆಕ್ ಅಂತ ಇಲ್ಲಿನ ಕತೆಗಳಲ್ಲಿ ಒಬ್ಬ ರಾಜ ಬರುತ್ತಾನೆ. ಅವನಿಗೆ ಕುದುರೆ ಕಿವಿ! ಗುಟ್ಟು ತಡೆಯಲಾರದೆ ಕ್ಷೌರಿಕ ಮರದ ಹತ್ತಿರ ಹೇಳುತ್ತಾನೆ, ಆ ಮರದಿಂದ ಮಾಡಿದ ವಾದ್ಯ ಅದನ್ನೇ ಹಾಡುತ್ತದೆ. ನಮ್ಮಜ್ಜಿ ಹೇಳಿದ ಕತೆಯಲ್ಲಿ ಅದು ಕತ್ತೆ ಕಿವಿ. ಎಲ್ಲಿಂದ ಎಲ್ಲಿಗೆ... ಅಯ್ಯೋ, ಶಾಟ್ ಬದಲಾಯಿತು.

ಈ ಅಂಗಡಿ. ಇದರ ಬಗ್ಗೆ ಹೇಳಲೇಬೇಕು. ಹೊರಗೆ ‘ನಿಮ್ಮ ಮನೆತನದ ಲಾಂಛನ, ಐದೇ ನಿಮಿಷದಲ್ಲಿ’ ಅಂತ ಬೋರ್ಡು. ಲಿಂಚ್ ಕೀಚೈನ್ ಇತ್ತು, ಮಗ್ ಇತ್ತು. ಸುಮ್ನೆ ಇರಲಾರದೆ ನನ್ನದು ಇದೆಯಾ ಅಂತ ಕೇಳಿದೆ. ನನಗೆಲ್ಲಿಯ ಅಡ್ಡಹೆಸರು? ಇರೋದು ಇನಿಶಿಯಲ್ ಒಂದು. ಪಾಸ್‌ಪೋರ್ಟ್ ಮಾಡಿಸುವಾಗ ಆ ಇನಿಶಿಯಲ್ ಬಿಡಿಸಿ ಅಪ್ಪನ ಹೆಸರು ಹಾಕಿದ್ದು. ಹಾಗಾಗಿ ಈ ದೇಶದಲ್ಲಿ ನಾನು ಮಿಸ್ಟರ್ ರಾಮಯ್ಯ. ದಂತವೈದ್ಯರ ಹತ್ತಿರ ಹಾಗೆ ಕರೆದಾಗಲೆಲ್ಲ ಅಪ್ಪ ಬಂದರಾ ಅಂತ ತಿರುಗಿ ನೋಡುತ್ತೇನೆ. ಅಂಗಡಿಯ ಹುಡುಗಿ ಟೈಪ್ ಮಾಡಿದಳು. ಸಿಗಲಿಲ್ಲ. ಕಂಪ್ಯೂಟರ್ ತಾನೇ ಒಂದು ಹೆಸರು ತೋರಿಸಿತು: ರಾಮ್ಸೇ. ಅದು ಸ್ಕಾಟ್ಲೆಂಡಿನ ಹೆಸರು! ‘ಹತ್ತಿರ ಹತ್ತಿರ ಇದೇ’ ಅಂದಳು. 28 ಯೂರೋ. ಅಂದರೆ ಎರಡೂವರೆ ಸಾವಿರ ರೂಪಾಯಿಗೂ ಜಾಸ್ತಿ, ಒಂದು ಎ4 ಹಾಳೆಗೆ. ಹಿಂದೆ ನಾಲ್ಕು ಜನ ಕ್ಯೂನಲ್ಲಿದ್ದರು, ಮರ್ಯಾದೆಗೆ ಅಂಜಿ ಕಾರ್ಡ್ ಉಜ್ಜಿದೆ. ಬಾಗಿಲು ದಾಟಿ ಹತ್ತು ಹೆಜ್ಜೆ ಹೋಗಿಲ್ಲ, ಮಳೆ. ನೋಡಿ, ಲಾಂಛನದಲ್ಲಿದ್ದ ಹದ್ದಿನ ರೆಕ್ಕೆಯ ಬಣ್ಣ ಇಳಿದು ನನ್ನ ಪ್ಯಾಂಟಿಗೆ ಬಂತು.

ಅಸಲಿಗೆ ಲಾಂಛನ ಕೊಡೋದು ಒಬ್ಬ ವ್ಯಕ್ತಿಗೆ, ಅವನ ನಂತರ ಅವನ ಮಕ್ಕಳಿಗೆ. ಅಡ್ಡಹೆಸರು ಒಂದೇ ಅಂತ ಊರಿನವರಿಗೆಲ್ಲ ಸಿಗೋದಲ್ಲ. ಅಂಬಿಗನ ಮೊಮ್ಮಗ ಗಾಲ್ವೇ ಮೇಯರ್ ಲಾಂಛನ ಗೋಡೆಗೆ ಹಾಕಿಕೊಂಡರೆ ಅದು ಪಕ್ಕದ ಮನೆ ಫೋಟೋ ತಂದು ನೇತು ಹಾಕಿದ ಹಾಗೆ. ಶುದ್ಧ ಟೋಪಿ ವ್ಯಾಪಾರ. ಆದರೂ... ನನ್ನ ಆ ಹಾಳೆ ಒಣಗಿದ ಮೇಲೆ ಫ್ರಿಜ್ ಮೇಲೆ ಅಂಟಿಸಿದ್ದೇನೆ. ಚೆನ್ನಾಗೇ ಕಾಣುತ್ತದೆ.

ಈ ಕಿಟಕಿ ಮಾರ್ಕೆಟ್ ಸ್ಟ್ರೀಟ್‌ನದು. ಅದರ ಹಿಂಬದಿಗೆ ಮನೆಯೇ ಇಲ್ಲ. ಕೆಳಗಿನ ಕಲ್ಲಲ್ಲಿ ತಲೆಬುರುಡೆ, ಅಡ್ಡ ಎಲುಬು, 1624 ಅನ್ನೋ ಇಸವಿ. ಮೇಯರ್ ಜೇಮ್ಸ್ ಲಿಂಚ್ 1493ರಲ್ಲಿ, ಕೊಲೆ ಮಾಡಿದ ಸ್ವಂತ ಮಗನನ್ನೇ ಇಲ್ಲಿ ನೇಣಿಗೆ ಹಾಕಿದ, ಗುಂಪು ಸೇರಿ ವಿಚಾರಣೆ ಇಲ್ಲದೆ ಕೊಲ್ಲೋದಕ್ಕೆ ಹೇಳೋ ‘ಲಿಂಚಿಂಗ್’ ಪದ ಅಲ್ಲಿಂದಲೇ ಬಂತು ಅಂತ ಗೈಡುಗಳು ಹೇಳುತ್ತಾರೆ. ನಂಬಬೇಡಿ. ಆ ಪದ ಹುಟ್ಟಿದ್ದು ಅಮೆರಿಕದಲ್ಲಿ, 18ನೇ ಶತಮಾನದ ವರ್ಜೀನಿಯಾದ ‘ಲಿಂಚ್ ಲಾ’ದಿಂದ, ಅಂದರೆ ಕೋರ್ಟು ಬಿಟ್ಟು ತಾವೇ ಶಿಕ್ಷೆ ಕೊಡೋ ಪದ್ಧತಿಯಿಂದ. ಇಸವಿಯೂ ಕತೆಯೂ ತಾಳೆ ಆಗಲ್ಲ, ಕಲ್ಲನ್ನೇ ನೋಡಿ.

ಹೆಸರು ದೂರ ಹೋಗಿದ್ದು ಮಾತ್ರ ನಿಜ. ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿ ತೋಟ ಮಾಡಿದ ಲಿಂಚ್‌ಗಳು ಗಾಲ್ವೇ ಮೂಲದವರು. 18ನೇ ಶತಮಾನದಲ್ಲಿ ಇಲ್ಲಿಂದ ಹೊರಟ ಪ್ಯಾಟ್ರಿಕ್ ಲಿಂಚ್ ಈಗಿನ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ನೆಲೆಸಿದ. ಅವನ ವಂಶದಲ್ಲಿ ಬಂದವರು ಎರ್ನೆಸ್ಟೋ ಗೆವಾರಾ ಲಿಂಚ್. ಅವರ ಮಗನ ಮುಖ ನಮ್ಮೂರ ಆಟೋಗಳ ಹಿಂದೆಯೂ ನೋಡಿದ್ದೇನೆ. ಹೌದು, ಕ್ರಾಂತಿಕಾರಿ ಚೆ ಗೆವಾರಾ!

ಬಸ್ ಬಂತು. ಓಡ್ತಿರೋದು ನಾನೇ. ಕೈಯಲ್ಲಿರೋದು ಛತ್ರಿ ಅಲ್ಲ, ರಾಮ್ಸೇ.