ಗಾಳಿ ಎತ್ತ ಕಡೆಯಿಂದ? ಮಹಾ ಸರೋವರಗಳ ದಡದಲ್ಲಿ ಶರತ್ಕಾಲ

ಎಲ್ಲರಿಗೂ ನಮಸ್ಕಾರ. ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಬಫಲೋ, ಶಿಕಾಗೊ, ಟೊರೊಂಟೊ ಕಡೆಯ ಕನ್ನಡದ ಮನೆಗಳಿಗೆಲ್ಲ ನಮಸ್ಕಾರ. ಊರಿನಿಂದ ಮಕ್ಕಳ ಮನೆಗೆ ಬಂದಿರುವ ಹಿರಿಯರಿಗೆ ವಿಶೇಷವಾಗಿ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಇಲ್ಲಿ, ಅಮೆರಿಕ, ಕೆನಡಾದ ಮಹಾ ಸರೋವರಗಳ (ಗ್ರೇಟ್ ಲೇಕ್ಸ್) ದಡದಲ್ಲಿ, ಹವೆ ಹೇಗಿರುತ್ತದೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ.

ಈ ಕಾಲ ಬಂತು ಅಂದರೆ ಸಿಕ್ಕವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಈ ಸಲ ಚಳಿ ಜಾಸ್ತಿನಾ, ಕಮ್ಮಿನಾ?" ದಯವಿಟ್ಟು ಈ ಪ್ರಶ್ನೆ ಬಿಡಿ. ಸರೋವರದ ಪಕ್ಕದಲ್ಲಿ ಇರುವವರು ಕೇಳಬೇಕಾದದ್ದು ಇದು: ಗಾಳಿ ಯಾವ ಕಡೆಯಿಂದ ಬೀಸುತ್ತಿದೆ? ನನ್ನ ಮನೆ ಸರೋವರದ ಯಾವ ದಡದಲ್ಲಿದೆ? ಇವತ್ತಿನ ಮಾತಿನಲ್ಲಿ ಇದೊಂದು ನೆನಪಿಟ್ಟುಕೊಂಡರೆ ನನಗೆ ಸಾಕು.

ಯಾಕೆ ಅಂತ ಹೇಳುತ್ತೇನೆ. ಸುಪೀರಿಯರ್, ಮಿಷಿಗನ್, ಹ್ಯೂರನ್, ಈರಿ, ಒಂಟಾರಿಯೊ, ಈ ಐದೂ ಸೇರಿದರೆ ಸುಮಾರು 2,44,000 ಚದರ ಕಿಲೋಮೀಟರ್ ನೀರು. ನಮ್ಮ ಇಡೀ ಕರ್ನಾಟಕ 1,91,791 ಚದರ ಕಿಲೋಮೀಟರ್. ಬೀದರ್‌ನಿಂದ ಚಾಮರಾಜನಗರದವರೆಗೆ ಪೂರ್ತಿ ನೀರು ತುಂಬಿಸಿದರೂ ಇಷ್ಟಾಗುವುದಿಲ್ಲ. ಇಷ್ಟು ನೀರು ಬೇಸಿಗೆಯೆಲ್ಲ ಬಿಸಿಲು ಕುಡಿಯುತ್ತದೆ. ನೆಲ ಬೇಗ ತಣ್ಣಗಾಗುತ್ತದೆ, ನೀರು ತಣ್ಣಗಾಗಲು ತಿಂಗಳುಗಟ್ಟಲೆ ಬೇಕು. ಅಕ್ಟೋಬರ್ ಹೊತ್ತಿಗೆ ಕೆನಡಾ ಕಡೆಯಿಂದ ತಣ್ಣನೆಯ ಒಣ ಗಾಳಿ ಇಳಿಯುತ್ತದೆ. ಕೆಳಗೆ ನೀರು ಇನ್ನೂ ಬೆಚ್ಚಗಿರುತ್ತದೆ. ನೀರಿಗೂ, ಒಂದೂವರೆ ಕಿಲೋಮೀಟರ್ ಮೇಲಿನ ಗಾಳಿಗೂ ಸುಮಾರು 13 ಡಿಗ್ರಿ ಸೆಲ್ಸಿಯಸ್ ಅಂತರ ಬಿತ್ತು ಅಂದರೆ ಸಾಕು, ಶುರು. ಗಾಳಿ ನೀರಿನ ಆವಿಯನ್ನು ಹೀರಿಕೊಂಡು ಮೇಲೇರಿ ಮೋಡವಾಗುತ್ತದೆ. ಆ ಮೋಡ ಆಚೆ ದಡದಲ್ಲಿ ಸುರಿಯುತ್ತದೆ.

ಆಚೆ ದಡದಲ್ಲಿ, ಗಮನಿಸಿ. ಆಗುಂಬೆಯಲ್ಲಿ ಜಡಿ ಮಳೆ ಹಿಡಿದಾಗ ಚಿತ್ರದುರ್ಗದಲ್ಲಿ ನೆಲ ಬಿರುಕು ಬಿಟ್ಟಿರುತ್ತದಲ್ಲ, ಅದೂ ಗಾಳಿಯ ದಿಕ್ಕಿನದೇ ಲೆಕ್ಕ. ಇಲ್ಲಿ ಮಿಷಿಗನ್ ಸರೋವರದ ಪಶ್ಚಿಮ ದಡದಲ್ಲಿ ಮಿಲ್ವಾಕಿ, ಪೂರ್ವ ದಡದಲ್ಲಿ ಮಸ್ಕೀಗನ್. ನಡುವೆ ಬರೀ ನೀರು. ಮಸ್ಕೀಗನ್‌ನಲ್ಲಿ ಬೀಳುವ ಹಿಮ ಮಿಲ್ವಾಕಿಯದಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ. ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬರುತ್ತದೆ, ಅದಕ್ಕೆ.

ಇದನ್ನು ಕಣ್ಣಾರೆ ಕಂಡವರ ಕಥೆ ಹೇಳಲೇಬೇಕು. 2014ರ ನವೆಂಬರ್ 18, ಮಂಗಳವಾರ. ಬಫಲೋ ನಗರದ ದಕ್ಷಿಣಕ್ಕೆ ಹ್ಯಾಂಬರ್ಗ್ ಅಂತ ಊರು. ಅಲ್ಲಿ ನನ್ನ ಸ್ನೇಹಿತರ ಮನೆ. ಅವರ ತಂದೆ ತಾಯಿ ತಿಪಟೂರಿನಿಂದ ಬಂದಿದ್ದರು. ತಂದೆ ನಿವೃತ್ತ ಮೇಷ್ಟ್ರು. ಬೆಳಗ್ಗೆ ಎದ್ದು ಪೇಪರ್ ತರೋಣ ಅಂತ ಮುಂಬಾಗಿಲು ಒಳಕ್ಕೆ ಎಳೆದರು. ಬಾಗಿಲು ಬಂತು, ಹೊರಗಿನ ಹಿಮ ಹಾಗೇ ನಿಂತಿತ್ತು. ಎದೆಮಟ್ಟದ ಬಿಳಿ ಗೋಡೆ. ಅದರ ಮೇಲೆ ಬಾಗಿಲ ಹಲಗೆಯ ಚೌಕಗಳು, ಹಿಡಿಯ ಗುಂಡು, ಎಲ್ಲ ಅಚ್ಚೊತ್ತಿದಂತೆ ಮೂಡಿತ್ತು. ಮೇಷ್ಟ್ರು ಬೆರಳಿನಿಂದ ಆ ಹಿಡಿಯ ಗುಂಡಿಯನ್ನು ಮುಟ್ಟಿ ನೋಡಿದರಂತೆ. ಅಷ್ಟರಲ್ಲಿ ಮಿಂಚು, ಹಿಂದೆಯೇ ಗುಡುಗು. "ಹಿಮ ಬೀಳುವಾಗ ಗುಡುಗುತ್ತಾ?" ಅಂತ ಅಮ್ಮ ಗಾಬರಿಯಾದರು. ಗುಡುಗುತ್ತದೆ ಅಮ್ಮ. ಮೋಡ ಅಷ್ಟು ಜೋರಾಗಿ ಮೇಲೇಳುತ್ತಿರುತ್ತದೆ.

ಅದೇ ಹೊತ್ತಿಗೆ ಆಮ್ಹರ್ಸ್ಟ್‌ನಲ್ಲಿರುವ ಇನ್ನೊಬ್ಬ ಸ್ನೇಹಿತರಿಗೆ ಫೋನ್ ಮಾಡಿದೆ. ಅದೂ ಬಫಲೋ ಪಕ್ಕದ್ದೇ ಊರು, ಹ್ಯಾಂಬರ್ಗ್‌ನಿಂದ ಉತ್ತರಕ್ಕೆ ಸುಮಾರು ಮೂವತ್ತು ಕಿಲೋಮೀಟರ್. "ಇಲ್ಲಿ ಬಿಸಿಲು ಇದೆ ಸಾರ್, ದಕ್ಷಿಣಕ್ಕೆ ನೋಡಿದರೆ ಮಾತ್ರ ನೆಲದಿಂದ ಆಕಾಶದವರೆಗೆ ಒಂದು ಗೋಡೆ ನಿಂತಿದೆ" ಅಂದರು. ಚಳಿ ಎರಡು ಊರಿಗೂ ಒಂದೇ. ತಾಪಮಾನ ಹೆಚ್ಚುಕಡಿಮೆ ಒಂದೇ. ಒಂದು ಕಡೆ 5 ಅಡಿಗೂ ಮಿಕ್ಕಿ ಹಿಮ, ಇನ್ನೊಂದು ಕಡೆ ಬಿಸಿಲು! ಈರಿ ಸರೋವರ ಉದ್ದುದ್ದ ಮಲಗಿದೆ, ಸುಮಾರು 388 ಕಿಲೋಮೀಟರ್. ಆವತ್ತಿನ ಗಾಳಿ ಸರಿಯಾಗಿ ಆ ಉದ್ದಕ್ಕೇ ಬೀಸಿತು. ದಾರಿಯುದ್ದಕ್ಕೂ ಆವಿ ಕುಡಿದು, ಕಿರಿದಾದ ಒಂದೇ ಪಟ್ಟಿಯಲ್ಲಿ ತಂದು ಸುರಿಯಿತು. ಗಾಳಿ ಸ್ವಲ್ಪ ತಿರುಗಿದ್ದರೆ ಆ ಪಟ್ಟಿ ಆಮ್ಹರ್ಸ್ಟ್ ಮೇಲೆ ಕೂರುತ್ತಿತ್ತು.

ಮೇಷ್ಟ್ರ ಮನೆಯಲ್ಲಿ ಹಾಲು ಮುಗಿಯಿತು. ಹೆಸರುಬೇಳೆ, ಅಕ್ಕಿ ಇತ್ತು, ಬಚಾವಾದರು. ಹೆದ್ದಾರಿಯಲ್ಲಿ ಸಿಕ್ಕಿಕೊಂಡವರು ಒಂದು ದಿನಕ್ಕಿಂತ ಜಾಸ್ತಿ ಕಾರಿನಲ್ಲೇ ಕೂತರು. ಆ ಸಲ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಹವಾಮಾನ ಇಲಾಖೆ ಮುಂಚೆಯೇ ಎಚ್ಚರಿಕೆ ಕೊಟ್ಟಿತ್ತು. ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ. ಎಚ್ಚರಿಕೆ ಇರುತ್ತದೆ, ನಾವು ಫೋನಿನಲ್ಲಿ ಡಿಗ್ರಿ ಮಾತ್ರ ನೋಡಿಕೊಂಡು ಹೊರಡುತ್ತೇವೆ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ.

ಸೆಪ್ಟೆಂಬರ್ ಹಿತವಾಗಿರುತ್ತದೆ. ಅದು ಬೆಚ್ಚಗಿತ್ತು ಅಂತ ನವೆಂಬರ್‌ನಲ್ಲಿ ಹಿಮ ಕಡಿಮೆ ಅಂದುಕೊಳ್ಳಬೇಡಿ. ನೀರು ಹೆಚ್ಚು ಬೆಚ್ಚಗಿದ್ದಷ್ಟೂ ಮೋಡಕ್ಕೆ ಉರುವಲು ಜಾಸ್ತಿ. ಅಮೆರಿಕದ ಹವಾಮಾನ ಸಂಸ್ಥೆ ಪ್ರತಿ ತಿಂಗಳ ಮೂರನೇ ಗುರುವಾರ ಮೂರು ತಿಂಗಳ ಮುನ್ನೋಟ ಕೊಡುತ್ತದೆ. ಅದು ಸರಾಸರಿಯ ಮಾತು. ನಿಮ್ಮ ಬೀದಿಯ ಮಂಗಳವಾರ ಅದರಲ್ಲಿ ಸಿಗುವುದಿಲ್ಲ.

ಅಕ್ಟೋಬರ್‌ನಲ್ಲಿ ಎಲೆ ಬಣ್ಣ ನೋಡಲು ಹೋಗುವವರು ಮಿಷಿಗನ್ ರಾಜ್ಯದ ಉತ್ತರಕ್ಕೆ ಮೊದಲು ಹೋಗಿ, ದಕ್ಷಿಣಕ್ಕೆ ತಿಂಗಳ ಮಧ್ಯದ ಮೇಲೆ. ದಡದ ಊರುಗಳಲ್ಲಿ ಇಬ್ಬನಿ ಹೆಪ್ಪುಗಟ್ಟುವುದು ತಡ, ಒಳನಾಡಿನಲ್ಲಿ ಬೇಗ. ಈರಿ ದಡದ ಕಾಂಕರ್ಡ್ ದ್ರಾಕ್ಷಿ, ಪಶ್ಚಿಮ ಮಿಷಿಗನ್‌ನ ಚೆರ್ರಿ, ಸೇಬು ಎಲ್ಲ ಬದುಕಿರುವುದು ಸರೋವರದ ಮೇಲಿಂದ ಬರುವ ಈ ಬೆಚ್ಚನೆಯ ಗಾಳಿಯ ದೆಸೆಯಿಂದ. ಒಳನಾಡಿನವರು ಕರಿಬೇವಿನ ಕುಂಡವನ್ನು ಸೆಪ್ಟೆಂಬರ್ ಕೊನೆಗೇ ಒಳಗೆ ತನ್ನಿ. ರಾತ್ರಿ 10 ಡಿಗ್ರಿಗಿಂತ ಕೆಳಗಿಳಿದರೆ ಅದು ಎಲೆ ಉದುರಿಸುತ್ತದೆ. ಬಫಲೋದಲ್ಲಂತೂ 2006ರ ಅಕ್ಟೋಬರ್ 12, 13ರಂದೇ ಸುಮಾರು 2 ಅಡಿ ಹಿಮ ಬಿತ್ತು. ಮರಗಳಲ್ಲಿ ಎಲೆ ಇನ್ನೂ ಇತ್ತು. ಭಾರಕ್ಕೆ ಕೊಂಬೆ ಮುರಿದು, ಲಕ್ಷಾಂತರ ಜನರಿಗೆ ಕರೆಂಟ್ ಹೋಯಿತು.

ನವೆಂಬರ್ ಗಾಳಿಯ ತಿಂಗಳು. 1975ರ ನವೆಂಬರ್ 10ರಂದು ಸುಪೀರಿಯರ್‌ನಲ್ಲಿ ಎಡ್ಮಂಡ್ ಫಿಟ್ಜೆರಾಲ್ಡ್ ಹಡಗು ಮುಳುಗಿ 29 ಜನರೂ ಸತ್ತರು. ಅಂಥ ಅಲೆ ಏಳುವ ದಿನ ಫೋಟೋಗೆ ಅಂತ ಬಂದರಿನ ಕಟ್ಟೆಯ ಮೇಲೆ ಮಕ್ಕಳನ್ನು ನಿಲ್ಲಿಸಬೇಡಿ.

ರಾಜ್ಯೋತ್ಸವ, ದೀಪಾವಳಿ ಕಾರ್ಯಕ್ರಮಕ್ಕೆ ಊರಿಂದೂರಿಗೆ ಹೋಗುವುದೂ ಇದೇ ಸಮಯದಲ್ಲಿ ಅಲ್ವಾ? ಕ್ಲೀವ್‌ಲ್ಯಾಂಡ್‌ನಿಂದ ಬಫಲೋಗೆ ಹೋಗುವ ಐ-90 ರಸ್ತೆ ಈರಿಯ ದಡದಲ್ಲೇ ಸಾಗುತ್ತದೆ. ಹೊರಡುವ ಮುಂಚೆ ಗಾಳಿ ನೋಡಿ. ಈರಿಯ ಪೂರ್ವಕ್ಕೆ, ದಕ್ಷಿಣಕ್ಕೆ ಇರುವವರು ಪಶ್ಚಿಮದ ಗಾಳಿಗೆ ಹೆದರಬೇಕು. ಶಿಕಾಗೊದವರು ಉತ್ತರ, ಈಶಾನ್ಯದ ಗಾಳಿಗೆ. ಟೊರೊಂಟೊಗೆ ಅಷ್ಟು ಭಯವಿಲ್ಲ, ಒಂಟಾರಿಯೊ ಪ್ರಾಂತ್ಯದ ಬ್ಯಾರಿ, ಲಂಡನ್ ಕಡೆ ಹೊರಟರೆ ಹ್ಯೂರನ್‌ನ ಗಾಳಿ ನಿಮಗಾಗಿ ಕಾಯುತ್ತಿರುತ್ತದೆ. ಸರೋವರದಿಂದ ಬರುವ ಈ ಹಿಮಕ್ಕೆ ಅಮೆರಿಕದಲ್ಲಿ ಲೇಕ್ ಎಫೆಕ್ಟ್ ಸ್ನೋ ವಾರ್ನಿಂಗ್, ಕೆನಡಾದಲ್ಲಿ ಸ್ನೋ ಸ್ಕ್ವಾಲ್ ವಾರ್ನಿಂಗ್ ಅಂತ ಎಚ್ಚರಿಕೆ ಬಂದರೆ ಪ್ರಯಾಣ ಮುಂದೂಡಿ. ಸಿಕ್ಕಿಕೊಂಡರೆ ಇಂಜಿನ್ ಚಾಲೂ ಮಾಡುವ ಮುಂಚೆ ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆಯಿರಿ, ಇಲ್ಲದಿದ್ದರೆ ವಿಷದ ಹೊಗೆ ಒಳಗೆ ಬರುತ್ತದೆ. ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ನೀರು ಇಂದೇ ಇಡಿ.

ಕೇಳಿದ್ದಕ್ಕೆ ಧನ್ಯವಾದ. ನಮಸ್ಕಾರ.